ಮೂವತ್ತು ವರ್ಷದ ಬೆಕ್ಕು

ಎಳೆಯ ಬೆಕ್ಕು ನೀರು ಕುಡಿಯುವುದನ್ನು ಕಂಡವರು ಕಡಿಮೆ. ತಿಂದ ಮೀನಿನಲ್ಲಿ, ಹಿಡಿದ ಇಲಿಯ ಮೈಯಲ್ಲಿ ಇರುವ ತೇವವೇ ಅದಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಅದೇ ಬೆಕ್ಕು ಹತ್ತು ಹನ್ನೆರಡು ವರ್ಷ ದಾಟಿತೆಂದರೆ ಬಚ್ಚಲಿನ ಬಕೆಟ್ಟಿಗೆ ಮುಂಗಾಲಿಟ್ಟು ಹೊತ್ತುಗಟ್ಟಲೆ ನೀರು ನೆಕ್ಕತೊಡಗುತ್ತದೆ. ಮೈ ಸವರಿದರೆ ಬೆನ್ನುಮೂಳೆ ಕೈಗೆ ತಾಗುತ್ತದೆ. ರೋಮದ ಹೊಳಪು ಹೋಗುತ್ತದೆ. ‘ವಯಸ್ಸಾಯ್ತು ಪಾಪ’ ಎನ್ನುತ್ತಾರೆ ಮನೆಯವರು. ಕೆಲವು ತಿಂಗಳಲ್ಲಿ ಅದು ಊಟ ಬಿಡುತ್ತದೆ, ಅಟ್ಟವನ್ನೋ ಹಿತ್ತಲ ಮೂಲೆಯನ್ನೋ ಹುಡುಕಿಕೊಂಡು ಹೋಗಿ ಮಲಗುತ್ತದೆ.

ವಯಸ್ಸು ಎಲ್ಲ ಪ್ರಾಣಿಗಳಿಗೂ ಆಗುತ್ತದೆ. ಆದರೆ ಮುಪ್ಪು ಬೆಕ್ಕನ್ನು ಹಿಡಿಯುವ ದಾರಿ ಮಾತ್ರ ಮತ್ತೆ ಮತ್ತೆ ಒಂದೇ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದರ ಮೂತ್ರಪಿಂಡ ಕೆಡುತ್ತಿರುತ್ತದೆ, ಹದಿನೈದು ದಾಟಿದವುಗಳಲ್ಲಿ ಬಹುಪಾಲು ಬೆಕ್ಕುಗಳದ್ದು ಕೆಟ್ಟಿರುತ್ತದೆ. ನಾಯಿಗೂ ಈ ಕಾಯಿಲೆ ಬರುತ್ತದೆ, ಆದರೆ ಇಷ್ಟು ವ್ಯಾಪಕವಾಗಿ ಅಲ್ಲ. ಬೆಕ್ಕಿಗೇ ಏಕೆ ಹೀಗೆ? ಇದನ್ನು ತಡೆಯಲು ಸಾಧ್ಯವಾದರೆ ಅದು ಎಷ್ಟು ವರ್ಷ ಬದುಕಬಹುದು? ಹಾಗೆ ಬದುಕಿದರೆ ಸುತ್ತಲಿನ ಲೋಕದಲ್ಲಿ ಏನೇನು ಬದಲಾಗುತ್ತದೆ? ಮೊದಲ ಎರಡು ಪ್ರಶ್ನೆಗಳನ್ನು ವಿಜ್ಞಾನಿಗಳು ಉತ್ಸಾಹದಿಂದ ಕೇಳುತ್ತಿದ್ದಾರೆ. ಮೂರನೆಯದನ್ನು ಬೆಕ್ಕು ಸಾಕುವ ನಾವೆಲ್ಲ ಕೇಳಬೇಕು.

ಮರುಭೂಮಿಯಿಂದ ಬಂದ ಮೂತ್ರಪಿಂಡ

ಮನೆಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನೆಲಗಳ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿಪಂಜರವೊಂದು ಸಿಕ್ಕಿದೆ. ಅದಕ್ಕೆ ಸುಮಾರು 9,500 ವರ್ಷ. ನೀರು ಅಪರೂಪವಾದ ನೆಲದಲ್ಲಿ ಬಾಳಿದ ಪ್ರಾಣಿ ಮೈಯ ತೇವವನ್ನು ಪೋಲು ಮಾಡುವಂತಿಲ್ಲ. ಹಾಗಾಗಿ ಬೆಕ್ಕಿನ ಮೂತ್ರಪಿಂಡ ರಕ್ತವನ್ನು ಸೋಸಿದ ಮೇಲೆ ನೀರನ್ನೆಲ್ಲ ಮತ್ತೆ ಒಳಗೆಳೆದುಕೊಂಡು, ಕಲ್ಮಶವನ್ನು ಬಲು ಗಟ್ಟಿಯಾದ ಮೂತ್ರವಾಗಿ ಹೊರಗೆ ಕಳಿಸುತ್ತದೆ. ಬೆಕ್ಕಿನ ಮೂತ್ರದ ವಾಸನೆ ಅಷ್ಟು ಕಟುವಾಗಿರಲು ಇದೂ ಒಂದು ಕಾರಣ.

ಈ ಕೆಲಸ ನಡೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಲ್ಲಿ. ಇವುಗಳನ್ನು ಸೋಸುನಾಳಗಳು ಎಂದು ಕರೆಯೋಣ. ವೈದ್ಯರ ಭಾಷೆಯಲ್ಲಿ ಇವು ನೆಫ್ರಾನ್‌ಗಳು. ಪ್ರತಿಯೊಂದರ ತುದಿಯಲ್ಲಿ ಒಂದು ಜರಡಿ, ಅದರ ಹಿಂದೆ ಸುರುಳಿ ಸುತ್ತಿದ ಉದ್ದನೆಯ ನಾಳ. ಮನುಷ್ಯನ ಒಂದು ಮೂತ್ರಪಿಂಡದಲ್ಲಿ ಇಂಥವು ಸುಮಾರು 10 ಲಕ್ಷ, ಬೆಕ್ಕಿನಲ್ಲಿ ಸುಮಾರು 2 ಲಕ್ಷ. ಹುಟ್ಟುವಾಗ ಬಂದದ್ದೇ ಆಸ್ತಿ. ಒಂದು ಸೋಸುನಾಳ ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಉಳಿದವು ಹೆಚ್ಚು ದುಡಿದು ಕೊರತೆ ತುಂಬುತ್ತವೆ, ಹೆಚ್ಚು ದುಡಿದದ್ದರಿಂದಲೇ ಬೇಗ ಸವೆಯುತ್ತವೆ.

ಮುದಿ ಬೆಕ್ಕಿನ ಬಾಯಾರಿಕೆಗೆ ಉತ್ತರ ಇಲ್ಲಿದೆ. ಮೂರರಲ್ಲಿ ಎರಡು ಪಾಲು ಸೋಸುನಾಳಗಳು ಹಾಳಾದಾಗ ನೀರನ್ನು ಮರಳಿ ಎಳೆದುಕೊಳ್ಳುವ ಶಕ್ತಿ ಕುಸಿಯುತ್ತದೆ. ಮೂತ್ರ ತೆಳ್ಳಗಾಗಿ ಧಾರಾಳವಾಗಿ ಹೋಗುತ್ತದೆ. ಕಳೆದುಕೊಂಡ ನೀರಿಗಾಗಿ ಬೆಕ್ಕು ಬಕೆಟ್ಟಿನ ಬಳಿ ಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿದ್ದು ಸ್ಪಷ್ಟವಾಗಿ ಕಾಣುವ ಹೊತ್ತಿಗೆ ನಾಲ್ಕರಲ್ಲಿ ಮೂರು ಪಾಲು ಹೋಗಿರುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಕಾಯಿಲೆಯ ಕೊನೆಯ ಅಧ್ಯಾಯ ಮಾತ್ರ.

ಆಯಸ್ಸು ಈಗಾಗಲೇ ಉದ್ದವಾಗಿದೆ

ಬೆಕ್ಕಿನ ಆಯಸ್ಸನ್ನು ಹಿಗ್ಗಿಸುವುದು ಹೊಸ ಹುಚ್ಚೇನಲ್ಲ. 1947ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಎಡ್ ಲೋ ಎಂಬವರು ಬೂದಿ, ಮರಳಿನ ಬದಲು ತೇವ ಹೀರುವ ಒಣ ಜೇಡಿಯ ಹರಳುಗಳನ್ನು ಬೆಕ್ಕಿನ ಮಲಮೂತ್ರಕ್ಕೆಂದು ಮಾರತೊಡಗಿದರು. ಬೆಕ್ಕನ್ನು ಹಗಲೂ ರಾತ್ರಿ ಮನೆಯೊಳಗೇ ಇಟ್ಟುಕೊಳ್ಳುವುದು ಆಮೇಲೆ ಸಲೀಸಾಯಿತು. ವಾಹನ, ನಾಯಿ, ಬೆಕ್ಕುಬೆಕ್ಕುಗಳ ಕಚ್ಚಾಟ, ಅದರಿಂದ ಹರಡುವ ರೋಗಗಳು ದೂರವಾದವು. ಲಸಿಕೆಗಳು ಬಂದವು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟೌರಿನ್ ಎಂಬ ಪೋಷಕಾಂಶ ತೀರಾ ಕಡಿಮೆ ಇರುವುದನ್ನು ತೋರಿಸಿದರು. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಲಾರದು, ಮಾಂಸದಿಂದಲೇ ಪಡೆಯಬೇಕು. ಪೊಟ್ಟಣದ ಆಹಾರದಲ್ಲಿ ಅದು ಸಾಲದಾಗಿತ್ತು. ಕಂಪನಿಗಳು ಟೌರಿನ್ ಹೆಚ್ಚಿಸಿದವು, ಆ ಹೃದ್ರೋಗ ಅಪರೂಪವಾಯಿತು. ಇಷ್ಟು ಸರಳ ತಿದ್ದುಪಡಿಯಿಂದ ಇಷ್ಟೊಂದು ಜೀವ ಉಳಿದದ್ದು ಪಶುವೈದ್ಯದ ಇತಿಹಾಸದಲ್ಲೇ ವಿರಳ.

ಇಷ್ಟಾದರೂ ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಅಲ್ಲಿ ಹುಟ್ಟುವ ಬೆಕ್ಕಿನ ನಿರೀಕ್ಷಿತ ಆಯಸ್ಸು 11.7 ವರ್ಷ. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದ ಕ್ರೀಮ್ ಪಫ್ ಎಂಬ ಬೆಕ್ಕು 1967ರಿಂದ 2005ರವರೆಗೆ, 38 ವರ್ಷ 3 ದಿನ ಬದುಕಿತ್ತು. ಗಿನ್ನೆಸ್ ದಾಖಲೆಯಲ್ಲಿ ಅದಕ್ಕಿಂತ ಹಿರಿಯ ಬೆಕ್ಕಿಲ್ಲ. ಅಂದರೆ ಬೆಕ್ಕಿನ ಮೈಗೆ ಮೂವತ್ತು ವರ್ಷ ತಾಳುವ ಶಕ್ತಿ ಇಲ್ಲವೇ ಇಲ್ಲ ಎನ್ನಲಾಗದು. ಅಡ್ಡಿ ಇರುವುದು ಹೆಚ್ಚಾಗಿ ಮೂತ್ರಪಿಂಡದಲ್ಲಿ.

ಲಾರಿಯಿಂದ ಇಳಿಯದ ಕೆಲಸಗಾರರು

ಜಪಾನಿನ ತೋರು ಮಿಯಾಜಾಕಿ ಪಶುವೈದ್ಯರಲ್ಲ, ಮನುಷ್ಯರ ವೈದ್ಯರು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ರೋಗನಿರೋಧಕ ವ್ಯವಸ್ಥೆಯ ಸಂಶೋಧನೆ ಮಾಡುತ್ತಿದ್ದಾಗ ಅವರು ರಕ್ತದಲ್ಲಿ ಹೊಸ ಪ್ರೋಟೀನೊಂದನ್ನು ಗುರುತಿಸಿ 1999ರಲ್ಲಿ ಪ್ರಕಟಿಸಿದರು. ಅದರ ಚುಟುಕು ಹೆಸರು ‘ಏಮ್’. ಅದು ದೇಹದಲ್ಲಿ ನಿಜವಾಗಿ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲು ವರ್ಷಗಳೇ ಹಿಡಿದವು. ಬೆಕ್ಕುಗಳು ಮೂತ್ರಪಿಂಡದ ಕಾಯಿಲೆಯಿಂದಲೇ ಸಾಯುತ್ತವೆ ಎಂದು ಪಶುವೈದ್ಯರೊಬ್ಬರು ಹೇಳಿದ ಮಾತು ಅವರನ್ನು ಬೆಕ್ಕಿನ ರಕ್ತದ ಕಡೆಗೆ ತಿರುಗಿಸಿತು. ಬೇರೆ ಬೇರೆ ಕ್ಷೇತ್ರದ ಇಬ್ಬರು ಕೂತು ಮಾತಾಡಿದ್ದರಿಂದ ಹುಟ್ಟುವ ಇಂಥ ತಿರುವುಗಳ ಬಗ್ಗೆ ನನಗೆ ತುಂಬ ಗೌರವ.

ಏಮ್ ರಕ್ತದಲ್ಲಿ ಒಂಟಿಯಾಗಿ ತಿರುಗುವುದಿಲ್ಲ. ಐಜಿಎಂ ಎಂಬ ದೊಡ್ಡ ಪ್ರತಿಕಾಯದ ಮೈಯಲ್ಲಿ ಒಂದು ಸಂದು ಇದೆ, ಅದರಲ್ಲಿ ಕೂತು ಪ್ರಯಾಣ ಮಾಡುತ್ತದೆ. ಪೌರಕಾರ್ಮಿಕರ ಲಾರಿಯನ್ನು ನೆನೆದುಕೊಳ್ಳಿ. ಲಾರಿ ಊರೆಲ್ಲ ಸುತ್ತುತ್ತದೆ, ಕೆಲಸಗಾರರು ಅದರ ಹಿಂಬದಿಯಲ್ಲಿ ಕೂತಿರುತ್ತಾರೆ. ಎಲ್ಲೋ ಒಂದು ಗಲ್ಲಿಯ ಮೋರಿ ಕಟ್ಟಿಕೊಂಡಿದೆ. ಗಲ್ಲಿ ಕಿರಿದು, ಲಾರಿ ಒಳಗೆ ಹೋಗದು. ಕೆಲಸಗಾರರು ಇಳಿದು, ನಡೆದೇ ಒಳಹೋಗಿ ಕಸ ತೆಗೆಯಬೇಕು.

ಮೂತ್ರಪಿಂಡದಲ್ಲಿ ನಡೆಯುವುದೂ ಇದೇ. ವಿಷವಸ್ತುವಿನಿಂದಲೋ ರಕ್ತದ ಹರಿವು ಕಡಿಮೆಯಾಗಿಯೋ ಪೆಟ್ಟು ಬಿದ್ದಾಗ ಸೋಸುನಾಳದ ಒಳಗೋಡೆಯ ಜೀವಕೋಶಗಳು ಸತ್ತು ಉದುರುತ್ತವೆ. ಆ ಕಸ ನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ನಾಳ ಬೇಗ ತೆರೆದುಕೊಳ್ಳದಿದ್ದರೆ ಶಾಶ್ವತವಾಗಿ ಸಾಯುತ್ತದೆ. ಐಜಿಎಂ ದೈತ್ಯ ಅಣು, ಜರಡಿಯಲ್ಲಿ ನುಸುಳಲಾರದು. ಪೆಟ್ಟು ಬಿದ್ದ ಹೊತ್ತಿನಲ್ಲಿ ಏಮ್ ಅದರಿಂದ ಕಳಚಿಕೊಂಡು, ತಾನು ಚಿಕ್ಕದಾದ್ದರಿಂದ ಜರಡಿ ದಾಟಿ ನಾಳಕ್ಕೆ ಇಳಿಯುತ್ತದೆ. ಸತ್ತ ಕೋಶಗಳ ಚೂರುಗಳಿಗೆ ಅಂಟಿ ಗುರುತು ಹಾಕುತ್ತದೆ. ಆ ಗುರುತನ್ನು ಹಿಡಿದು ಗೋಡೆಯ ಬದುಕಿರುವ ಜೀವಕೋಶಗಳೇ ಕಸವನ್ನು ನುಂಗಿಹಾಕುತ್ತವೆ. ನಾಳ ತೆರೆಯುತ್ತದೆ, ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ಏಮ್ ಇಲ್ಲದಂತೆ ಮಾಡಿದ ಇಲಿಗಳು ಇಂಥ ಪೆಟ್ಟಿನಿಂದ ಚೇತರಿಸಿಕೊಳ್ಳಲಾರದೆ ಸಾಯುತ್ತವೆ, ಹೊರಗಿನಿಂದ ಏಮ್ ಕೊಟ್ಟರೆ ಸುಧಾರಿಸುತ್ತವೆ ಎಂದು ಮಿಯಾಜಾಕಿ ತಂಡ 2016ರಲ್ಲಿ ತೋರಿಸಿತು.

ಬೆಕ್ಕಿನ ರಕ್ತದಲ್ಲಿ ಏಮ್‌ಗೇನೂ ಬರವಿಲ್ಲ. ಆದರೆ ಅದು ಐಜಿಎಂ ಅನ್ನು ಹಿಡಿದಿರುವ ಬಿಗಿ ಇಲಿಯಲ್ಲಿರುವುದಕ್ಕಿಂತ ಸುಮಾರು 1,000 ಪಟ್ಟು ಹೆಚ್ಚು ಎಂದು ಅದೇ ವರ್ಷ ಅದೇ ತಂಡ ಪ್ರಕಟಿಸಿತು. ಲಾರಿ ತುಂಬ ಕೆಲಸಗಾರರಿದ್ದಾರೆ, ಗಲ್ಲಿಯ ಬಾಯಿಗೆ ಬಂದರೂ ಒಬ್ಬರೂ ಇಳಿಯಲಾರರು. ಇಲಿಗಳಲ್ಲಿ ಅವುಗಳ ಏಮ್ ತೆಗೆದು ಬೆಕ್ಕಿನ ಏಮ್ ಇರುವಂತೆ ಮಾಡಿದಾಗ, ಆ ಇಲಿಗಳೂ ಮೂತ್ರಪಿಂಡದ ಪೆಟ್ಟಿಗೆ ಹೆಚ್ಚು ಬಲಿಯಾದವು. ನಮ್ಮ ನಿಮ್ಮ ಮೈಯಲ್ಲಿ ಸದ್ದಿಲ್ಲದೆ ವಾಸಿಯಾಗುವ ಸಣ್ಣಪುಟ್ಟ ಪೆಟ್ಟುಗಳು ಬೆಕ್ಕಿನಲ್ಲಿ ವರ್ಷ ವರ್ಷವೂ ಒಂದಿಷ್ಟು ಸೋಸುನಾಳಗಳನ್ನು ಕೊಲ್ಲುತ್ತ ಹೋಗುತ್ತವೆ. ಕಾಯಿಲೆಗೆ ಇದೊಂದೇ ಕಾರಣವಲ್ಲ. ರಕ್ತದೊತ್ತಡ, ಸೋಂಕು, ವಂಶದಲ್ಲಿ ಬಂದ ದೋಷಗಳೂ ಸೇರುತ್ತವೆ. ಆದರೆ ಬೆಕ್ಕುಗಳಿಗೇ ಏಕೆ ಎಂಬ ಪ್ರಶ್ನೆಗೆ ಇಷ್ಟು ಮನವೊಪ್ಪುವ ಇನ್ನೊಂದು ಉತ್ತರವನ್ನು ನಾನು ಕಂಡಿಲ್ಲ.

ಔಷಧದ ಯೋಚನೆ ಇಲ್ಲಿಂದ ತಾನಾಗಿ ಹುಟ್ಟುತ್ತದೆ: ಲಾರಿ ಹತ್ತದ, ಬಿಡಿಯಾದ ಏಮ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಬೆಕ್ಕಿನ ರಕ್ತಕ್ಕೆ ಚುಚ್ಚುವುದು.

ಇಂಥ ದೋಷವನ್ನು ಜೀವವಿಕಾಸ ಏಕೆ ಉಳಿಸಿಕೊಂಡಿತು ಎಂದು ಕೇಳಬಹುದು. ಬ್ರಿಟಿಷ್ ಜೀವವಿಜ್ಞಾನಿ ಪೀಟರ್ ಮೆಡಾವರ್ 1952ರಲ್ಲಿ ಕೊಟ್ಟ ವಿವರಣೆ ಇಲ್ಲಿ ಹೊಂದುತ್ತದೆ. ಕಾಡಿನಲ್ಲಿ ಹೆಚ್ಚಿನ ಪ್ರಾಣಿಗಳು ಮುಪ್ಪಿಗೆ ಮೊದಲೇ ಹಸಿವು, ಗಾಯ, ಬೇಟೆಗೆ ಸಿಕ್ಕಿ ಸಾಯುತ್ತವೆ. ಹನ್ನೆರಡನೆಯ ವರ್ಷದಲ್ಲಿ ಕಾಣಿಸಿಕೊಳ್ಳುವ ದೋಷ, ಐದನೆಯ ವರ್ಷಕ್ಕೇ ಸಾಯುವ ಬೆಕ್ಕಿಗೆ ಯಾವ ನಷ್ಟವನ್ನೂ ಮಾಡುವುದಿಲ್ಲ. ಅಷ್ಟರಲ್ಲಿ ಮರಿಗಳು ಹುಟ್ಟಿ ಬೆಳೆದು ದೋಷವನ್ನು ಮುಂದಕ್ಕೆ ಒಯ್ದಿರುತ್ತವೆ. ಬೆಕ್ಕನ್ನು ಮುಪ್ಪಿನವರೆಗೆ ಬದುಕಿಸಿದ್ದು ನಾವು. ಮುಚ್ಚಿಕೊಂಡಿದ್ದ ದೋಷ ಬಯಲಾದದ್ದು ನಮ್ಮ ಆರೈಕೆಯಿಂದ. ಮೃಗಾಲಯಗಳ ಚೀತಾಗಳಲ್ಲೂ ಮೂತ್ರಪಿಂಡದ ಕಾಯಿಲೆ ಸಾವಿನ ದೊಡ್ಡ ಕಾರಣವಾಗಿರುವುದು ಕಾಕತಾಳೀಯ ಇರಲಾರದು.

ಒಂದು ಸುದ್ದಿ, ಇಪ್ಪತ್ತು ಕೋಟಿ ಯೆನ್

ಕೋವಿಡ್ ಕಾಲದಲ್ಲಿ ಮಿಯಾಜಾಕಿ ಅವರ ಸಂಶೋಧನೆಗೆ ಹಣ ನಿಂತುಹೋಯಿತು. 2021ರ ಜುಲೈಯಲ್ಲಿ ಈ ವಿಷಯ ಜಪಾನಿನ ಸುದ್ದಿಸಂಸ್ಥೆಯೊಂದರಲ್ಲಿ ಬಂತು. ಕೆಲವೇ ಗಂಟೆಗಳಲ್ಲಿ, ಅವರು ಕೆಲಸ ಮಾಡುತ್ತಿದ್ದ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಸಾವಿರಾರು ದೇಣಿಗೆಗಳು ಬಂದವು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಸುಮಾರು 20 ಕೋಟಿ ಯೆನ್ ಸೇರಿತ್ತು. ಕೊಟ್ಟವರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬೆಕ್ಕನ್ನು ಕಳೆದುಕೊಂಡವರು ಬಹಳ. ತಮ್ಮ ಬೆಕ್ಕು ಉಳಿಯಲಿಲ್ಲ, ಇನ್ನೊಬ್ಬರದ್ದಾದರೂ ಉಳಿಯಲಿ ಎಂದು ಹಣ ಕಳಿಸುವ ಮನಸ್ಸು ದೊಡ್ಡದು. ಬೆಕ್ಕುಗಳು ಮೂವತ್ತು ವರ್ಷ ಬದುಕುವ ದಿನದ ಕುರಿತ ಮಿಯಾಜಾಕಿ ಅವರ ಪುಸ್ತಕ ಅದೇ ವರ್ಷ ಬಂತು. 2022ರಲ್ಲಿ ಅವರು ವಿಶ್ವವಿದ್ಯಾಲಯ ಬಿಟ್ಟು ಏಮ್ ಸಂಶೋಧನೆಗೆಂದೇ ಟೋಕಿಯೊದಲ್ಲಿ ಸಂಸ್ಥೆ ಕಟ್ಟಿದರು. ಮನುಷ್ಯರ ಮೂತ್ರಪಿಂಡದ ಚಿಕಿತ್ಸೆಯೂ ಅವರ ಗುರಿಗಳಲ್ಲಿ ಒಂದು.

ಮನೆಗಳ ಲೆಕ್ಕ

ಈಗ ಮೂರನೆಯ ಪ್ರಶ್ನೆ: ಬೆಕ್ಕು ಹೆಚ್ಚು ಕಾಲ ಬದುಕಿದರೆ ಸುತ್ತಲಿನ ಲೋಕದಲ್ಲಿ ಏನೇನು ಬದಲಾಗುತ್ತದೆ? ಜಪಾನನ್ನೇ ತೆಗೆದುಕೊಳ್ಳೋಣ. ಅಲ್ಲಿ 15 ವರ್ಷಕ್ಕಿಂತ ಕಿರಿಯ ಮಕ್ಕಳಿಗಿಂತ ಸಾಕಿದ ನಾಯಿ-ಬೆಕ್ಕುಗಳೇ ಹೆಚ್ಚು. ಬೆಕ್ಕುಗಳು ಸುಮಾರು 90 ಲಕ್ಷ, ಅವುಗಳ ಸರಾಸರಿ ಆಯಸ್ಸು ಸುಮಾರು 15 ವರ್ಷ. ಬೆಕ್ಕು ಸಾಕುವ ಮನೆಗಳು ಹೆಚ್ಚದೆ ತಗ್ಗದೆ ಹಾಗೇ ಇವೆ ಎಂದುಕೊಂಡರೆ, ಪ್ರತಿವರ್ಷ 6 ಲಕ್ಷ ಬೆಕ್ಕುಗಳು ಸತ್ತು ಅಷ್ಟೇ ಜಾಗ ತೆರವಾಗುತ್ತದೆ. ಆ 6 ಲಕ್ಷ ಜಾಗಗಳಿಗೆ ಹೊಸ ಮರಿಗಳು ಬರುತ್ತವೆ. ಆಯಸ್ಸು 30 ಆದರೆ ತೆರವಾಗುವುದು ವರ್ಷಕ್ಕೆ 3 ಲಕ್ಷ ಜಾಗ ಮಾತ್ರ. ಉಳಿದ 3 ಲಕ್ಷ ಮರಿಗಳಿಗೆ ಮನೆಯಿಲ್ಲ.

ಒಂದು ಕಾಯಿಲೆ ಗೆದ್ದ ಮಾತ್ರಕ್ಕೆ ಆಯಸ್ಸು ಇಮ್ಮಡಿಸುವುದಿಲ್ಲ. ಮೂತ್ರಪಿಂಡ ಉಳಿದರೆ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಹೃದ್ರೋಗ ಸರದಿಯಲ್ಲಿ ಕಾದಿವೆ. ಆದ್ದರಿಂದ ಸರಾಸರಿ ಮೂರೇ ವರ್ಷ ಏರಿ 18 ಆಯಿತು ಎಂದುಕೊಳ್ಳಿ. ಆಗಲೂ ತೆರವಾಗುವ ಜಾಗ 5 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 1 ಲಕ್ಷ ಮರಿಗಳ ಅವಕಾಶ ಹೋಗುತ್ತದೆ. ಔಷಧ ಬಂದ ಮೊದಲ ಕೆಲವು ವರ್ಷಗಳಂತೂ ಇನ್ನೂ ಬಿಕ್ಕಟ್ಟಿನವು. ಸಾಯಬೇಕಿದ್ದ ಮುದಿ ಬೆಕ್ಕುಗಳು ಒಟ್ಟಿಗೇ ಉಳಿದುಕೊಳ್ಳುವುದರಿಂದ ಮನೆ ತೆರವಾಗುವುದು ಥಟ್ಟನೆ ಕಡಿಮೆಯಾಗುತ್ತದೆ. ಮರಿಗಳು ಹುಟ್ಟುವುದು ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ.

ಈ ಲೆಕ್ಕ ಕ್ರೂರವಾಗಿ ಕಂಡರೆ, ಅದರ ಪರಿಹಾರವೂ ಜಪಾನಿನಲ್ಲೇ ಇದೆ. ಅಲ್ಲಿನ ಸರ್ಕಾರಿ ಆಶ್ರಯಗಳಲ್ಲಿ 2004ರಲ್ಲಿ 2 ಲಕ್ಷಕ್ಕೂ ಹೆಚ್ಚು ಬೆಕ್ಕುಗಳನ್ನು ಕೊಲ್ಲಲಾಗಿತ್ತು. 2022ರ ಹೊತ್ತಿಗೆ ಅದು 10 ಸಾವಿರಕ್ಕೂ ಕೆಳಗಿಳಿಯಿತು. ಬೀದಿ ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆ, ದತ್ತು ಕೊಡಿಸುವ ಸ್ವಯಂಸೇವಕರು, ಪ್ರಾಣಿಯನ್ನು ಅದರ ಜೀವಮಾನವಿಡೀ ನೋಡಿಕೊಳ್ಳುವುದು ಸಾಕಿದವರ ಹೊಣೆ ಎಂದು 2012ರಲ್ಲಿ ತಿದ್ದಿದ ಕಾನೂನು, ಇವೆಲ್ಲ ಸೇರಿ ಆದ ಕೆಲಸ ಅದು. ಹುಟ್ಟು ತಗ್ಗಿದರೆ ಮಾತ್ರ ದೀರ್ಘಾಯುಸ್ಸಿಗೆ ಜಾಗವಿರುತ್ತದೆ. ಹುಟ್ಟು ತಗ್ಗದ ಕಡೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದ ಅಧ್ಯಯನವೊಂದು ದಾಖಲಿಸಿದೆ: ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ನಾಲ್ಕಕ್ಕೆ ಮೂರು ಆರು ತಿಂಗಳು ತುಂಬುವ ಮೊದಲೇ ಸತ್ತವು ಅಥವಾ ಕಣ್ಮರೆಯಾದವು. ನಮ್ಮ ಊರುಗಳ ಮೆಟ್ಟಿಲ ಕೆಳಗೆ, ಅಂಗಡಿಗಳ ಹಿಂದೆ ಹುಟ್ಟುವ ಮರಿಗಳನ್ನು ಗಮನಿಸಿದವರಿಗೆ ಇದನ್ನು ನಂಬಲು ಪುರಾವೆ ಬೇಡ. ಮುಪ್ಪಿನ ಔಷಧ ಅವುಗಳನ್ನು ಮುಟ್ಟುವುದೇ ಇಲ್ಲ.

ಹಕ್ಕಿಗಳು ಮತ್ತು ಮಾಂಸ

ಬಾಗಿಲಾಚೆ ತಿರುಗುವ ಬೆಕ್ಕಿಗೆ ಆಯಸ್ಸು ಕೂಡಿಸಿದರೆ ಬೇಟೆಯ ವರ್ಷಗಳೂ ಕೂಡಿಕೊಳ್ಳುತ್ತವೆ. ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂಬುದು 2013ರ ಅಂದಾಜು. ಅದರಲ್ಲಿ ದೊಡ್ಡ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದು. ಹಾಗೆಂದು ಸಾಕಿದ ಬೆಕ್ಕು ಸಾಧುವಲ್ಲ. ಆರು ದೇಶಗಳ 900ಕ್ಕೂ ಹೆಚ್ಚು ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದ ಪ್ರಾಣಿವಿಜ್ಞಾನಿ ರೋಲಂಡ್ ಕೇಸ್ ಅವರ ತಂಡ 2020ರಲ್ಲಿ ಹೇಳಿದ್ದು ಹೀಗೆ: ಮನೆಯಲ್ಲಿ ಊಟ ಸಿಗುವುದರಿಂದ ಅವು ದೂರ ಹೋಗುವುದಿಲ್ಲ, ಬೇಟೆಯೆಲ್ಲ ಮನೆಯ ಸುತ್ತಲ ಸಣ್ಣ ಜಾಗದಲ್ಲೇ ನಡೆಯುತ್ತದೆ. ಆ ಜಾಗದ ಮೇಲೆ ಬೀಳುವ ಹೊರೆ ಅಷ್ಟೇ ಗಾತ್ರದ ಕಾಡುಪ್ರಾಣಿಯದ್ದಕ್ಕಿಂತ 2ರಿಂದ 10 ಪಟ್ಟು. ಹಸಿವಿಗೂ ಬೇಟೆಗೂ ಬೆಕ್ಕಿನಲ್ಲಿ ನೇರ ನಂಟಿಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಹಕ್ಕಿಯ ಮೇಲೆ ಹಾರುತ್ತದೆ.

ಊಟದ ವಿಷಯವೂ ಇದೆ. ಬೆಕ್ಕು ಮಾಂಸವಿಲ್ಲದೆ ಬದುಕಲು ಆಗದ ಪ್ರಾಣಿ. ಅಮೆರಿಕದ ನಾಯಿ-ಬೆಕ್ಕುಗಳ ಮಾಂಸಾಹಾರದಿಂದ ವರ್ಷಕ್ಕೆ ಸುಮಾರು 6.4 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲ ಹೊರಬೀಳುತ್ತದೆ ಎಂದು ಸಂಶೋಧಕ ಗ್ರೆಗರಿ ಓಕಿನ್ 2017ರಲ್ಲಿ ಲೆಕ್ಕ ಹಾಕಿದರು. ಆದರೆ ಭೂಮಿಯ ಮೇಲಿನ ಹೊರೆ ತೀರ್ಮಾನವಾಗುವುದು ಒಂದು ಬೆಕ್ಕಿನ ಆಯಸ್ಸಿನಿಂದಲ್ಲ, ಒಟ್ಟು ಎಷ್ಟು ಬೆಕ್ಕುಗಳಿವೆ ಎಂಬುದರಿಂದ. ಅದೇ ಮನೆಯಲ್ಲಿ ಎರಡು ಬೆಕ್ಕು ಒಂದಾದ ಮೇಲೊಂದರಂತೆ ಹದಿನೈದು ವರ್ಷ ಬದುಕಿದರೂ, ಒಂದೇ ಬೆಕ್ಕು ಮೂವತ್ತು ವರ್ಷ ಬದುಕಿದರೂ ತಟ್ಟೆಗೆ ಬೀಳುವ ಮಾಂಸ ಒಂದೇ.

ಎಂಥ ವರ್ಷಗಳು, ಯಾರ ಜೊತೆ

ಹನ್ನೆರಡು ದಾಟಿದ ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ಹತ್ತರಲ್ಲಿ ಒಂಬತ್ತರ ಕೀಲು ಸವೆದದ್ದು ಅಮೆರಿಕದ ಅಧ್ಯಯನವೊಂದರಲ್ಲಿ ಕಂಡಿತ್ತು. ಬೆಕ್ಕು ನೋವನ್ನು ತೋರಿಸಿಕೊಳ್ಳುವುದಿಲ್ಲ. ಕಪಾಟಿನ ಮೇಲೆ ಹಾರುವುದನ್ನು ಬಿಟ್ಟಿದ್ದನ್ನು ನಾವು ಗಾಂಭೀರ್ಯ ಎಂದುಕೊಳ್ಳುತ್ತೇವೆ. ಮೂತ್ರಪಿಂಡ ಉಳಿಸಿ ಕೀಲುನೋವಿಗೆ ಏನೂ ಮಾಡದಿದ್ದರೆ ನಾವು ಕೊಟ್ಟದ್ದು ನೋವಿನ ವರ್ಷಗಳನ್ನು. ಆಯಸ್ಸಿನ ಸಂಶೋಧನೆಗೆ ಸಿಗುವಷ್ಟೇ ಹಣ ಮುಪ್ಪಿನ ನೋವಿನ ಸಂಶೋಧನೆಗೂ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಕುವವರ ವಯಸ್ಸನ್ನೂ ಮರೆಯುವಂತಿಲ್ಲ. ಮಕ್ಕಳು ದೂರದ ಊರಿನಲ್ಲಿದ್ದು ಒಂಟಿಯಾದವರಿಗೆ ಬೆಕ್ಕು ದೊಡ್ಡ ಆಸರೆ. ಅರವತ್ತೈದರಲ್ಲಿ ಮರಿ ತಂದವರು ಇಂದು ಎಂಬತ್ತರವರೆಗೆ ಅದರ ಜೊತೆಗಿದ್ದರೆ ಸಾಕು. ಬೆಕ್ಕಿಗೆ ಮೂವತ್ತು ವರ್ಷವಾದರೆ ಅವರು ತೊಂಬತ್ತೈದರವರೆಗೆ ಇರಬೇಕು. ಜಪಾನಿನ ಹಲವು ದತ್ತು ಸಂಸ್ಥೆಗಳು ವಯಸ್ಸಾದವರಿಗೆ ಮರಿ ಕೊಡಲು ಈಗಲೇ ಹಿಂಜರಿಯುತ್ತಿವೆ. ಆಸರೆ ಹೆಚ್ಚು ಬೇಕಾದವರಿಗೇ ಅದು ಸಿಗದಂತಾಗುವುದು ಸರಿಯಲ್ಲ. ಅವರಿಗೆ ಮರಿಯ ಬದಲು ಮನೆ ಕಳೆದುಕೊಂಡ ವಯಸ್ಕ ಬೆಕ್ಕನ್ನು ಕೊಡುವುದು, ಅವರ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯ ದಾರಿ.

ಇಷ್ಟೆಲ್ಲ ಹೇಳಿದ ಮೇಲೂ ಆ ಔಷಧ ಬೆಕ್ಕುಗಳಿಗೆ ಸಿಗಲಿ ಎಂದೇ ನಾನು ಬಯಸುತ್ತೇನೆ. ಕಾರಣ ಗೊತ್ತಿರುವ, ಸರಿಪಡಿಸಬಹುದಾದ ದೋಷದಿಂದ ಒಂದು ಜೀವ ತಿಂಗಳುಗಟ್ಟಲೆ ಸೊರಗುವುದನ್ನು ನೋಡುತ್ತ ಕೂರಬಾರದು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಬಹಳವಿದೆ. ಬೆಕ್ಕಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಸಂತಾನಹರಣ ಮಾಡಿಸಿ. ಆರನೆಯ ತಿಂಗಳಿಗೇ ಅದು ಗರ್ಭ ಧರಿಸಬಲ್ಲದು. ಆದಷ್ಟು ಮನೆಯೊಳಗೆ ಇಟ್ಟುಕೊಳ್ಳಿ. ತೇವವಿರುವ ಆಹಾರ ಕೊಡಿ. ಏಳು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ನೋವಿಗೆಂದು ನಿಮ್ಮ ಮಾತ್ರೆಯನ್ನು ಅದಕ್ಕೆ ಎಂದೂ ಕೊಡಬೇಡಿ. ಹೂಗುಚ್ಛದಲ್ಲಿ ಲಿಲಿ ಹೂವಿದ್ದರೆ ಅದನ್ನು ಬೆಕ್ಕಿರುವ ಮನೆಗೆ ತರಬೇಡಿ. ಆ ಗಿಡದ ಎಲೆ, ಹೂ, ಹೂದಾನಿಯ ನೀರು, ಮೈಗೆ ಅಂಟಿದ ಪರಾಗವನ್ನು ನೆಕ್ಕಿದ್ದು ಕೂಡ ಕೆಲವೇ ದಿನಗಳಲ್ಲಿ ಬೆಕ್ಕಿನ ಮೂತ್ರಪಿಂಡವನ್ನು ಪೂರ್ತಿ ಕೆಡಿಸಬಲ್ಲದು.